ಮಂದ ಬೆಳಕಿನ ಸರಕುಚಿತ್ರಗಳು: ತಿದ್ದುಪಡಿಯ ಸಾಧ್ಯತೆ ಮತ್ತು ಮಿತಿ

ಸರಕಿನ ಮಾದರಿಯನ್ನು ಪಾರ್ಸೆಲ್ ಮೂಲಕ ಕಳುಹಿಸಿ ಒಪ್ಪಿಗೆ ಪಡೆಯುತ್ತಿದ್ದ ಪದ್ಧತಿಯ ಸ್ಥಾನವನ್ನು ಬಹುಮಟ್ಟಿಗೆ ಛಾಯಾಚಿತ್ರವು ಆಕ್ರಮಿಸಿದೆ. ಆದರೆ ಚಿತ್ರ ತೆಗೆಯುವ ಸ್ಥಳ ಅನೇಕ ವೇಳೆ ಗೋದಾಮಿನ ಮೂಲೆ, ಇಲ್ಲವೇ ಒಂದೇ ಟ್ಯೂಬ್‌ಲೈಟಿನ ಅಂಗಡಿ. ಹೀಗೆ ಕಪ್ಪಾಗಿ ಬಂದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದಾಗ ಮರಳು ಎರಚಿದಂತೆ ಬಣ್ಣದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಇದಕ್ಕೆ ‘ನಾಯ್ಸ್’ ಎಂದು ಹೆಸರು.

ಬೆಳಕು ಕಣಗಳ ರೂಪದಲ್ಲಿ, ಮಳೆಹನಿಗಳಂತೆ ಏರುಪೇರಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಒಂದು ಬಿಂದುವಿನ ಮೇಲೆ ಸರಾಸರಿ 10,000 ಕಣಗಳು ಬಿದ್ದರೆ ಏರುಪೇರು ಸುಮಾರು 100, ಅಂದರೆ ಶೇ. 1. ಕೇವಲ 100 ಕಣಗಳು ಬಿದ್ದರೆ ಅದು 10, ಅಂದರೆ ಶೇ. 10. ಚಿತ್ರವನ್ನು ಬೆಳಗಿಸಿದಾಗ ಸರಕಿನೊಂದಿಗೆ ಈ ಏರುಪೇರೂ ಹಿಗ್ಗುತ್ತದೆ. ಐ.ಎಸ್.ಒ. ಸಂಖ್ಯೆಯನ್ನು ಏರಿಸುವುದರಿಂದಲೂ ಹೊಸ ಬೆಳಕೇನೂ ಒಳಬರುವುದಿಲ್ಲ.

ತೆಗೆದಾಗಿರುವ ಚಿತ್ರವನ್ನು ಉಳಿಸಿಕೊಳ್ಳುವಲ್ಲಿ ಕಡತದ ಸ್ವರೂಪ ಮುಖ್ಯ. ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇದ್ದರೆ, 14 ಬಿಟ್‌ಗಳ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಕತ್ತಲೆಯ ಭಾಗದಲ್ಲಿ ಅಡಗಿರುವ ವಿವರ ಹೊರಬರುವುದು ಇದರಿಂದಲೇ. ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್ ತಂತ್ರಾಂಶವೂ ಈ ಕಾರ್ಯಕ್ಕೆ ಸಾಕು. ಇಡೀ ಚಿತ್ರದ ಪ್ರಕಾಶವನ್ನು ಒಂದೇ ಸಮನೆ ಏರಿಸದೆ ಕಪ್ಪು ಭಾಗಗಳನ್ನು ಮಾತ್ರ ಮೇಲೆತ್ತಬೇಕು. ಬಣ್ಣದ ಚುಕ್ಕೆಗಳನ್ನು ಧಾರಾಳವಾಗಿ ಅಳಿಸಬಹುದು. ಕಪ್ಪು-ಬಿಳುಪಿನ ಕಾಳನ್ನು ಅಳಿಸುವಾಗ ಮಾತ್ರ ಕೈ ಬಿಗಿಹಿಡಿಯುವುದು ಒಳಿತು.

ಇಳಕಲ್ ಸೀರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಒಡಲಿನ ಸಣ್ಣ ಚೌಕುಳಿಗಳೂ ನೂಲಿನ ಎಳೆಗಳೂ ತಂತ್ರಾಂಶದ ದೃಷ್ಟಿಯಲ್ಲಿ ನಾಯ್ಸ್‌ನಂತೆಯೇ ತೋರಬಹುದು. ಮಿತಿಮೀರಿ ಅಳಿಸಿದರೆ ಹತ್ತಿಯ ಒಡಲು ಪ್ಲಾಸ್ಟಿಕ್ ಹಾಳೆಯಂತಾಗಿ, ಕೈಮಗ್ಗಕ್ಕೂ ಯಂತ್ರಮಗ್ಗಕ್ಕೂ ಭೇದವೇ ಉಳಿಯದು. ನೇಕಾರನಿಗೆ ಬೆಲೆ ತಂದುಕೊಡುವ ಗುಣವೇ ಹೀಗೆ ಚಿತ್ರದಿಂದ ಮಾಯವಾಗುತ್ತದೆ. ಕೃತಕ ಬುದ್ಧಿಮತ್ತೆಯ ಹೊಸ ತಂತ್ರಾಂಶಗಳ ಅಪಾಯ ಇನ್ನೊಂದು ಬಗೆಯದು: ಅವು ಕಳೆದುಹೋದ ಎಳೆಯ ಜಾಗದಲ್ಲಿ ಇಲ್ಲದ ಎಳೆಯನ್ನು ಊಹಿಸಿ ತುಂಬಬಲ್ಲವು. ಮದುವೆಯ ಚಿತ್ರಕ್ಕೆ ಇದು ನಡೆದೀತು, ಮಾರಾಟದ ಚಿತ್ರಕ್ಕೆ ಸಲ್ಲದು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಚಿತ್ರಗಳು ಸರಕಿನ ನೈಜ ರೂಪಕ್ಕೂ ಗುಣಮಟ್ಟಕ್ಕೂ ಅನುಗುಣವಾಗಿರುವುದೆಂದು ಮಾರಾಟಗಾರರಿಂದ ಆನ್‌ಲೈನ್ ಮಾರುಕಟ್ಟೆಗಳು ಮುಚ್ಚಳಿಕೆ ಪಡೆಯಬೇಕು. ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಸಾಗಣೆ ವೆಚ್ಚ ಎರಡು ಬಾರಿ ತಲೆಯ ಮೇಲೆ ಬಿದ್ದರೆ ಒಂದು ಸೀರೆಯ ಲಾಭದಲ್ಲಿ ಉಳಿಯುವುದು ಅತ್ಯಲ್ಪ.

ಅದೃಷ್ಟವಶಾತ್ ಸರಕು ಅಲುಗಾಡುವುದಿಲ್ಲ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು 1/30 ಸೆಕೆಂಡಿನಲ್ಲಿ ತೆಗೆಯುವ ಬದಲು ಸ್ಟ್ಯಾಂಡಿನ ಮೇಲಿರಿಸಿ 1 ಸೆಕೆಂಡು ತೆರೆದಿಟ್ಟರೆ 30 ಪಟ್ಟು ಬೆಳಕು ದೊರೆಯುತ್ತದೆ. ಗುಂಡಿ ಒತ್ತುವಾಗಿನ ಅದುರುವಿಕೆಯನ್ನು ಟೈಮರ್ ತಪ್ಪಿಸುತ್ತದೆ. ಒಂದೇ ಕೋನದ 4 ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಅರ್ಧಕ್ಕೂ, 16 ಚಿತ್ರಗಳಾದರೆ ಕಾಲುಭಾಗಕ್ಕೂ ಇಳಿಯುತ್ತದೆ. ಎಳೆಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಸರಕಿನ ಪಕ್ಕದಲ್ಲಿ ಒಂದು ಬಿಳಿ ಕಾಗದವಿರಿಸಿದರೆ, ಸೆರಗಿನ ಕೆಂಪು ನಿಜವಾದ ಕೆಂಪಾಗಿ ಕಾಣುವಂತೆ ಬಣ್ಣವನ್ನು ಸರಿಪಡಿಸಲು ಅದೇ ಆಧಾರವಾಗುತ್ತದೆ.