ಅಶ್ವಿನಿ, ಕೊಂಟಾಡೋರ್, ಆರ್ಮ್‌ಸ್ಟ್ರಾಂಗ್: ಡೋಪಿಂಗ್ ಸಾಕ್ಷ್ಯ ಓದೋದು ಹೇಗೆ?

ಭಾನುವಾರ ಬೆಳಗ್ಗೆ ಪಾಮ್ ಬೀಚ್ ರೋಡಲ್ಲಿ ಸೈಕಲ್ ಹೊಡೆಯುವ ನಮ್ಮ ಗುಂಪಿನಲ್ಲಿ ಒಬ್ಬರು, "ಆರ್ಮ್‌ಸ್ಟ್ರಾಂಗ್ ಮೋಸ, ನಿಮ್ಮ ಕರ್ನಾಟಕದ ಅಶ್ವಿನಿ ಅಕ್ಕುಂಜಿಯೂ ಮೋಸ, ಇಬ್ಬರಿಗೂ ಬ್ಯಾನ್ ಆಯ್ತಲ್ಲ" ಅಂದ್ರು. ಬ್ಯಾನ್ ಆಗಿದ್ದು ನಿಜ. 2012ರಲ್ಲೇ ಎರಡೂ ಇತ್ಯರ್ಥ ಆದವು. ಆದರೆ ಸಾಕ್ಷ್ಯ ಬಿಡಿಸಿ ನೋಡಿದ್ರೆ ಎರಡೂ ಒಂದೇ ಜಾತಿಯ ಕೇಸಲ್ಲ.

ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದು, ನಾನು ಯಾವ ಟೆಸ್ಟಲ್ಲೂ ಸಿಕ್ಕಿಬಿದ್ದಿಲ್ಲ ಅಂತ. ನಮ್ಮ ಕ್ಯೂಎ ಮಂದಿಗೆ ಇದು ಚೆನ್ನಾಗಿ ಗೊತ್ತು: ಎಲ್ಲ ಟೆಸ್ಟ್ ಪಾಸ್ ಅಂದ್ರೆ ಬಗ್ ಇಲ್ಲ ಅಂತಲ್ಲ. ಅಮೆರಿಕದ ಉಸಾಡಾ ಸಂಸ್ಥೆ 11 ಮಂದಿ ಹಳೇ ಟೀಮ್‌ಮೇಟ್‌ಗಳ ಹೇಳಿಕೆ, ಹಣದ ದಾಖಲೆ, ಇಮೇಲ್ ಜೋಡಿಸಿತು. ಏಳು ಟೂರ್ ದ ಫ್ರಾನ್ಸ್ ಪಟ್ಟ ಹೋಯ್ತು. 2013ರ ಜನವರಿಯಲ್ಲಿ ಅವರೇ ಒಪ್ಪಿಕೊಂಡರು.

ಅಶ್ವಿನಿಯವರದ್ದು ಉಲ್ಟಾ. ಉಡುಪಿ ಜಿಲ್ಲೆ ಸಿದ್ದಾಪುರದ ಹುಡುಗಿ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಎರಡು ಚಿನ್ನ. ಮರುವರ್ಷ ಮೂತ್ರದಲ್ಲಿ ಸ್ಟೆರಾಯ್ಡ್ ಸಿಕ್ತು. ಅದು ಒಳಗೆ ಹೋಗಿದ್ದು ಹೇಗೆ ಅನ್ನೋದೇ ಪ್ರಶ್ನೆ. ಕೋಚ್ ಯೂರಿ ಒಗೊರೊದ್ನಿಕ್ ಚೀನಾದಲ್ಲಿ ಕೊಂಡ ಜಿನ್‌ಸೆಂಗ್‌ನಿಂದ ಅಂತ ಓಟಗಾರ್ತಿಯರ ಉತ್ತರ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಕೋರ್ಟಲ್ಲಿ ತಪ್ಪು ಸಾಬೀತು ಮಾಡೋದು ಪ್ರಾಸಿಕ್ಯೂಷನ್ ಕೆಲಸ. ಡೋಪಿಂಗಲ್ಲಿ ವಸ್ತು ಸಿಕ್ಕಿದ ಕೂಡಲೇ ತಪ್ಪು ಆಗಿಹೋಯ್ತು. ಶಿಕ್ಷೆ ಕಡಿಮೆ ಬೇಕಂದ್ರೆ ಅದು ಬಂದ ದಾರಿಯನ್ನ ಕ್ರೀಡಾಪಟುವೇ ತೋರಿಸಬೇಕು, ತಾನು ಜಾಗ್ರತೆ ವಹಿಸಿದ್ದೆ ಅಂತಲೂ ತೋರಿಸಬೇಕು. ನಮ್ಮ ನಾಡಾ ಸಮಿತಿ ಒಂದು ವರ್ಷ ಕೊಟ್ಟಿತ್ತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯ್ತು, ಕ್ರೀಡಾ ನ್ಯಾಯಮಂಡಳಿ ಎರಡು ವರ್ಷ ಮಾಡಿತು. ಕೋಚ್ ಕೊಟ್ಟರು, ತಗೊಂಡೆ ಅನ್ನೋದು ಸಾಲಲಿಲ್ಲ.

ಸೈಕಲ್ ಲೋಕದಲ್ಲಿ ಇದಕ್ಕೆ ಹತ್ತಿರದ್ದು ಆರ್ಮ್‌ಸ್ಟ್ರಾಂಗ್ ಅಲ್ಲ, ಆಲ್ಬೆರ್ಟೊ ಕೊಂಟಾಡೋರ್. 2010ರ ಟೂರಲ್ಲಿ ಸಿಕ್ಕ ಕ್ಲೆನ್‌ಬ್ಯುಟೆರಾಲ್ ಮಿಲಿಲೀಟರಿಗೆ 50 ಪಿಕೊಗ್ರಾಮ್. ತಿಂದ ಮಾಂಸದಿಂದ ಬಂತು ಅಂತ ಅವರು, ರಕ್ತ ಏರಿಸಿಕೊಂಡಿದ್ದರಿಂದ ಅಂತ ಎದುರು ಪಕ್ಷ. ಅದೇ ನ್ಯಾಯಮಂಡಳಿ ಎರಡನ್ನೂ ಒಪ್ಪಲಿಲ್ಲ, ಕಲಬೆರಕೆಯ ಸಪ್ಲಿಮೆಂಟ್ ಆಗಿರೋ ಸಾಧ್ಯತೆಯೇ ಹೆಚ್ಚು ಅಂದಿತು. ಆದರೂ ಎರಡು ವರ್ಷ ಬ್ಯಾನ್, ಯಾಕಂದ್ರೆ ಅದು ಅವರು ಹೇಳಿದ ದಾರಿ ಆಗಿರಲಿಲ್ಲ. ಸ್ವಲ್ಪ ಕ್ರೂರ ಅನ್ಸುತ್ತೆ, ಆದರೆ ನಿಯಮ ಇರೋದೇ ಹಾಗೆ.

ಅಶ್ವಿನಿಯವರ ಬ್ಯಾನ್ ಸರಿ ಅಂತಲೇ ನನ್ನ ಲೆಕ್ಕ. ದೇಶಕ್ಕೆ ಓಡುವವರು ಡಬ್ಬಿಯಲ್ಲಿ ಏನಿದೆ ಅಂತ ಡಾಕ್ಟರನ್ನ ಕೇಳಬೇಕಿತ್ತು. ಆದರೆ ಮೋಸ ಅನ್ನೋಕೆ ಗೊತ್ತಿದ್ದೇ ತಗೊಂಡ್ರು ಅಂತ ಸಾಕ್ಷ್ಯ ಬೇಕು. ಆ ಕೇಸಲ್ಲಿ ಅದು ಸಾಬೀತಾಗಲಿಲ್ಲ, ಬ್ಯಾನ್ ಹಾಕೋಕೆ ಅದರ ಅಗತ್ಯವೂ ಇರಲಿಲ್ಲ.