ಅಡಿಕೆಯ ಎಡೆಗೆ ಕಾಫಿ: ಗುಡ್ಡದ ಮರಕ್ಕೆ ಬೆಲೆ ಕೊಡುವವರು ಯಾರು?

"ಮಾಷ್ಟ್ರೇ, ಈ ಮಳೆಗಾಲಕ್ಕೆ ಅಡಿಕೆಯ ಎಡೆಗೆ ಐನೂರು ಕಾಫಿ ಗಿಡ ಹಾಕುವಾಂತ ಇದ್ದೇನೆ. ಎಂತ ಹೇಳ್ತೀರಿ?"

ಮುಳ್ಳೇರಿಯ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೆರೆಯ ಕೃಷಿಕರೊಬ್ಬರು ಕೇಳಿದ ಪ್ರಶ್ನೆ. ಕಾರಣ ಊಹಿಸುವುದು ಕಷ್ಟವಲ್ಲ. 50 ಕಿಲೊ ರೊಬಸ್ಟಾ ಚೆರ್ರಿಯ ಧಾರಣೆ 2024ರಲ್ಲಿ 10 ಸಾವಿರ ರೂಪಾಯಿ ದಾಟಿತು. ಸಂಪಾಜೆ ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ಕಳೆದುಕೊಂಡವರು ಕಾಫಿಯತ್ತ ತಿರುಗಿದ್ದನ್ನು ಜಾಲ್ಸೂರು ದಾಟಿ ಹೋಗುವ ನಾವೆಲ್ಲ ನೋಡಿದ್ದೇವೆ.

"ತೋಟದ ಎಡೆಗೆ ಸರಿ. ಮೇಲಿನ ಗುಡ್ಡಕ್ಕೂ ಹಾಕ್ತೀರಾ?"

"ಆದಾಯ ಕಂಡರೆ ಮತ್ತೆ ಬಿಡುವುದುಂಟಾ?"

ನನ್ನ ಹೆದರಿಕೆ ಇಲ್ಲಿಯೇ. ನಮ್ಮ ಸುರಂಗಗಳ ನೀರು ಗುಡ್ಡದ್ದು. ಮೇಲೆ ಮರವಿದ್ದರೆ ಮಳೆ ಇಂಗುತ್ತದೆ. ಒಂದೇ ಬೆಳೆ ಗುಡ್ಡ ಹಿಡಿದರೆ ಏನಾಗುತ್ತದೆಂದು ಈ ಊರಿಗೆ ಹೇಳಿಕೊಡಬೇಕಾಗಿಲ್ಲ. ಮುಳಿಯಾರು, ಆದೂರು ಸುತ್ತಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಅದರ ಫಲ ಉಣ್ಣುವ ಮನೆಗಳು ಇಂದಿಗೂ ಇವೆ.

ಹಾಗೆಂದು ಕಾಫಿಯೇನೂ ಕಾಡಿನ ವೈರಿಯಲ್ಲ. ನಮ್ಮ ದೇಶದ ಕಾಫಿ ಹೆಚ್ಚಾಗಿ ನೆರಳಿನಲ್ಲೇ ಬೆಳೆಯುವಂಥದು. ಆದರೆ ಯಾವ ಮರದ ನೆರಳು? ಕೊಡಗಿನಲ್ಲಿ ಎಷ್ಟೋ ಕಡೆ ಕಾಡುಮರ ಹೋಗಿ ಸಿಲ್ವರ್ ಓಕ್ ಬಂತು. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲಿಕ್ಕಾಗುತ್ತದೆ, ಕಡಿದು ಮಾರುವುದೂ ಸುಲಭ. ಬೆಳೆಗಾರನನ್ನು ದೂರಿ ಫಲವಿಲ್ಲ. ಕಾಡುಮರ ಉಳಿಸಿದವನ ಚೀಲಕ್ಕೂ ಕಡಿದವನ ಚೀಲಕ್ಕೂ ಪೇಟೆಯಲ್ಲಿ ಒಂದೇ ಧಾರಣೆ!

ಈ ಲೆಕ್ಕ ಬದಲಿಸಬೇಕಾದವರು ಕೊಳ್ಳುವವರು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕಾಡುಮರಗಳ ಕೆಳಗೆ ಕಾಫಿ ಬೆಳೆಯುತ್ತಾರೆ. ಬೆಂಗಳೂರಿನ ಬ್ಲಾಕ್ ಬಾಜಾ ಎಂಬ ಕಾಫಿ ಸಂಸ್ಥೆ (ಅದು ಒಂದು ಹಕ್ಕಿಯ ಹೆಸರು) ಅವರಂಥ ಸಣ್ಣ ಬೆಳೆಗಾರರಿಂದ ಕೊಳ್ಳುತ್ತದೆ. ನೆರಳಿನ ಕಾಡುಮರ ಉಳಿಸುವುದು ಆ ವ್ಯಾಪಾರದ ಒಪ್ಪಂದದಲ್ಲೇ ಸೇರಿದೆ. ಆಂಧ್ರದ ಅರಕು ಕಣಿವೆಯಲ್ಲಿ ಯುರೋಪಿನ ಕಂಪೆನಿಗಳ ಹಣದಿಂದ ಆದಿವಾಸಿಗಳ ಜಮೀನಿನಲ್ಲಿ ಕಾಫಿಯ ಜೊತೆಗೆ ಹಣ್ಣಿನ ಮರಗಳನ್ನೂ ಲಕ್ಷಗಟ್ಟಲೆ ನೆಟ್ಟರು. ಅವರ ಕಾಫಿ 2017ರಲ್ಲಿ ಪ್ಯಾರಿಸ್ಸಿನ ಅಂಗಡಿ ಸೇರಿತು.

ಅದೆಲ್ಲ ದೂರದ ಮಾತು ಎನ್ನಬೇಡಿ. 1980ರ ಆಸುಪಾಸು ಕೊಕ್ಕೊ ಕೇಳುವವರಿಲ್ಲದೆ ನಮ್ಮವರೇ ಗಿಡ ಕಡಿದದ್ದು ಹಿರಿಯರಿಗೆ ನೆನಪಿದ್ದೀತು. ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ, 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೂ ಎದ್ದಿತು. ಗಡಿ ಅದಕ್ಕೆ ಅಡ್ಡ ಬರಲಿಲ್ಲ. ನಮ್ಮ ಕಾಫಿಗೂ ಮಡಿಕೇರಿಯ ಪೇಟೆಯೇ ಹತ್ತಿರ, ವಯನಾಡು ಅಲ್ಲ. ಎರಡೂ ರಾಜ್ಯದವರು ಕೂತು ಮಾತಾಡಬೇಕಾದ ವಿಷಯ.

ತೋಟದವರಿಗೆ ಇನ್ನೊಂದು ಮಾತು. ರೊಬಸ್ಟಾ ಹೂ ಬಿಡುವ ಮೊದಲು ಬುಡ ಸ್ವಲ್ಪ ದಿನ ಒಣಗಬೇಕು. ಅಡಿಕೆಗೋ ಬೇಸಗೆಯಿಡೀ ನೀರು ಬೇಕು. ಐನೂರು ಹಾಕುವ ಮೊದಲು ಐವತ್ತು ಹಾಕಿ ನೋಡುವುದು ಒಳ್ಳೆಯದು.

ಇದನ್ನೆಲ್ಲ ಹೇಳಿದಾಗ ಅವರು ತಲೆ ತುರಿಸಿಕೊಂಡರು. "ಆಯ್ತು, ಗುಡ್ಡದ ಹಲಸು, ಹೆಬ್ಬಲಸು, ಹೊನ್ನೆ ಇಟ್ಟುಕೊಂಡೇ ಹಾಕ್ತೇನೆ. ಆದರೆ ಮರ ಇಟ್ಟದ್ದಕ್ಕೆ ಚೀಲಕ್ಕೆ ನೂರು ರೂಪಾಯಿಯಾದರೂ ಹೆಚ್ಚು ಕೊಡುವವರು ಯಾರುಂಟು? ಅದನ್ನು ನೀವೇ ಪೇಪರಿನಲ್ಲಿ ಕೇಳಿ ಮಾಷ್ಟ್ರೇ."

ಕೇಳಿದ್ದೇನೆ.