ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕ್ರೈಸ್ತರೆಂದೊಡನೆ ಬಹುಮಂದಿಗೆ ನೆನಪಾಗುವವರು ಮೆಥಡಿಸ್ಟರು. ಪ್ರಾಟೆಸ್ಟಂಟ್ ಶಾಖೆಯವರಾದ ಇವರು ದೀಕ್ಷಾಸ್ನಾನ ಹಾಗೂ ಕರ್ತನ ಭೋಜನ ಎಂಬ ಎರಡನ್ನೇ ಸಂಸ್ಕಾರಗಳೆಂದು ಅಂಗೀಕರಿಸುವರು. ಇಲ್ಲಿ ವಿರಳರಾದ ಕಥೋಲಿಕರಿಗಾದರೋ ಸಂಸ್ಕಾರಗಳು ಏಳು. ಅವುಗಳಲ್ಲಿ ವ್ಯಾಧಿಸ್ಥರ ಅಭ್ಯಂಗವೂ ಒಂದು. ಹೊರಗಿನವರಷ್ಟೇ ಅಲ್ಲ, ಕಥೋಲಿಕರಲ್ಲಿಯೂ ಹಲವರು ಇದನ್ನು ಮರಣಕಾಲದ ವಿಧಿಯೆಂದು ಭಾವಿಸಿರುವುದರಿಂದ ಇದರ ನಿಜಸ್ವರೂಪವನ್ನು ವಿಚಾರಿಸುವುದು ಉಚಿತವಾಗಿದೆ.

ನನ್ನೊಡನೆ ಸೇವೆ ಸಲ್ಲಿಸಿದ ಕಥೋಲಿಕ ಉಪಾಧ್ಯಾಯರೊಬ್ಬರು ಕಠಿಣವಾದ ಬೇನೆಯಿಂದ ಮಲಗಿದ್ದರು. ಪಾದ್ರಿಗಳನ್ನು ಕರೆಯಿಸಿದರೆ ರೋಗಿಯ ಧೈರ್ಯ ಕುಂದೀತೆಂದು ಮನೆಯವರು ಹಿಂಜರಿದರು. ನನಗೂ ಅದೇ ಸರಿಯೆನಿಸಿತ್ತು. ಪಾದ್ರಿಗಳು ಬರುವ ವೇಳೆಗೆ ಅವರ ಮಾತು ನಿಂತುಹೋಗಿತ್ತು. ಎಣ್ಣೆ ಹಚ್ಚಿ ಪ್ರಾರ್ಥಿಸಿದ ಬಳಿಕ ಆ ಪಾದ್ರಿಗಳು, “ಮೊದಲೇ ಕರೆದಿದ್ದರೆ ‘ಆಮೆನ್’ ಎಂದು ಅವರೇ ನುಡಿಯುತ್ತಿದ್ದರಲ್ಲ!” ಎಂದರು. ಆ ಮಾತು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಈ ಸಂಸ್ಕಾರಕ್ಕೆ ಆಧಾರ ಬೈಬಲಿನ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಯಿಸಬೇಕು, ಅವರು ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಬೇಕು ಎಂಬುದು ಅಲ್ಲಿನ ವಿಧಿ. ಅಲ್ಲಿ ಹೇಳಿರುವುದು ರೋಗಿಯ ವಿಷಯವೇ ಹೊರತು ಸಾಯುವವನ ವಿಷಯವಲ್ಲ. ಕಾಲಕ್ರಮದಲ್ಲಿ ಯೂರೋಪಿನಲ್ಲಿ ಇದನ್ನು ಮರಣಶಯ್ಯೆಯವರೆಗೆ ಮುಂದೂಡುವ ವಾಡಿಕೆ ಬೆಳೆದು, ‘ಕಡೆಯ ಅಭ್ಯಂಗ’ವೆಂಬ ಹೆಸರು ರೂಢಿಸಿತು. 1551ರಲ್ಲಿ ಟ್ರೆಂಟ್ ಮಹಾಸಭೆಯು ಇದನ್ನು ಸಂಸ್ಕಾರವೆಂದು ಸ್ಥಿರಪಡಿಸಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ‘ವ್ಯಾಧಿಸ್ಥರ ಅಭ್ಯಂಗ’ವೆಂಬ ಹೆಸರೇ ಹೆಚ್ಚು ಯುಕ್ತವೆಂದೂ, ಇದು ಕೊನೆಯುಸಿರಿನ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಲ್ಲವೆಂದೂ ಸಾರಿತು. 1972ರಲ್ಲಿ ಆರನೆಯ ಪೋಪ್ ಪಾಲರು ವಿಧಿಯನ್ನು ಪರಿಷ್ಕರಿಸಿದರು.

ಅಭ್ಯಂಗವೆಂದರೆ ನಮಗೆ ನೆನಪಾಗುವುದು ಹಬ್ಬದ ಎಣ್ಣೆಸ್ನಾನ. ಇದು ಹಾಗಲ್ಲ. ಪಾದ್ರಿಯು ಮೊದಲು ಮೌನವಾಗಿ ರೋಗಿಯ ತಲೆಯ ಮೇಲೆ ಕೈಯಿರಿಸುವನು. ಅನಂತರ ಹಣೆಗೂ ಕೈಗಳಿಗೂ ಎಣ್ಣೆಯನ್ನು ಲೇಪಿಸಿ ಪ್ರಾರ್ಥಿಸುವನು. ಹಿಂದೆ ಕಣ್ಣು, ಕಿವಿ, ಮೂಗು, ತುಟಿ ಮೊದಲಾದ ಇಂದ್ರಿಯಸ್ಥಾನಗಳಿಗೆ ಬೇರೆಬೇರೆಯಾಗಿ ಲೇಪಿಸುತ್ತಿದ್ದರು. ಸಾಮಾನ್ಯವಾಗಿ ಬಳಸುವುದು ಆಲಿವ್ ಎಣ್ಣೆ. ಅದು ದೊರೆಯದಲ್ಲಿ ಸಸ್ಯಜನ್ಯವಾದ ಬೇರೆ ಎಣ್ಣೆಯೂ ಸಲ್ಲುವುದೆಂದು 1972ರ ಪರಿಷ್ಕರಣೆ ಹೇಳುತ್ತದೆ. ಅಂದಮೇಲೆ ನಮ್ಮ ನೆಲದ ಕುಸುಬೆ, ಶೇಂಗಾ ಎಣ್ಣೆಗಳಿಗೂ ಅಲ್ಲಿ ಎಡೆಯುಂಟು. ಎಣ್ಣೆಯನ್ನು ಪವಿತ್ರ ಗುರುವಾರದಂದು ಅಥವಾ ಅದಕ್ಕೆ ಸಮೀಪದ ದಿನದಲ್ಲಿ ಧರ್ಮಾಧ್ಯಕ್ಷರು ಆಶೀರ್ವದಿಸುತ್ತಾರೆ. ಯಾದಗಿರಿ ಸೀಮೆಯು 2005ರಲ್ಲಿ ಸ್ಥಾಪಿತವಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅವಸರದಲ್ಲಿ ಪಾದ್ರಿಯೇ ಎಣ್ಣೆಯನ್ನು ಆಶೀರ್ವದಿಸಬಹುದು. ಆದರೆ ಲೇಪಿಸುವ ಅಧಿಕಾರ ಪಾದ್ರಿಗೂ ಧರ್ಮಾಧ್ಯಕ್ಷರಿಗೂ ಮಾತ್ರ.

ಕಠಿಣ ರೋಗಿಗಳು, ವೃದ್ಧಾಪ್ಯದಿಂದ ಕೃಶರಾದವರು, ಭಾರಿ ಕಾಯಿಲೆಗಾಗಿ ಶಸ್ತ್ರಕ್ರಿಯೆಗೆ ಒಳಗಾಗುವವರು ಇದನ್ನು ಪಡೆಯಬಹುದು. ಗುಣಹೊಂದಿ ಮತ್ತೆ ಕಾಯಿಲೆಬಿದ್ದರೆ ಪುನಃ ಪಡೆಯಬಹುದು. ಮೃತರಿಗೆ ಇದು ಸಲ್ಲದು. ವೈದ್ಯನ ಔಷಧಕ್ಕೆ ಇದು ಬದಲಿಯೂ ಅಲ್ಲ. ಮನಶ್ಶಾಂತಿ, ಸ್ಥೈರ್ಯ, ಪಾಪಕ್ಷಮೆ, ದೈವೇಚ್ಛೆಯಿದ್ದರೆ ಆರೋಗ್ಯ, ಇವು ಇದರ ಫಲಗಳೆಂದು ಅವರ ಶ್ರದ್ಧೆ. ಸಾಯುವವರಿಗೆ ವಿಹಿತವಾದ ಸಂಸ್ಕಾರ ಬೇರೆಯೇ ಇದೆ. ಅದು ಪರಮಪ್ರಸಾದ.

ದೀಕ್ಷೆ, ಪ್ರಸಾದ ಎಂಬ ಪದಗಳನ್ನು ವಚನಗಳಲ್ಲಿ ಕಂಡ ವಿದ್ಯಾರ್ಥಿಯು ಇಲ್ಲಿಯೂ ಅವನ್ನೇ ಕಂಡು ಅರ್ಥವೊಂದೇ ಎಂದು ತಿಳಿಯಬಾರದು. ಪದ ಸಮಾನವಾದರೂ ತತ್ತ್ವ ಭಿನ್ನ. ಆದರೆ ರೋಗಿಯ ಹಾಸಿಗೆಯ ಬಳಿ ಮನುಷ್ಯರಿಗಿರುವ ಭಯ ಎಲ್ಲೆಡೆಯೂ ಒಂದೇ. ಅರಿವಿರುವಾಗಲೇ ರೋಗಿಗೆ ಸಲ್ಲಬೇಕಾದ ಸಾಂತ್ವನವನ್ನು ನಮ್ಮ ಅಂಜಿಕೆಯಿಂದ ತಡೆಹಿಡಿಯಬಾರದೆಂಬುದೇ ಈ ಸಂಸ್ಕಾರದ ಇತಿಹಾಸ ಹೇಳುವ ಮಾತು.